ಅರವತ್ತನಾಲ್ಕು ಬ್ಯಾಡ್ಜು, ಒಂದು ಅರ್ಧ ಸೂಜಿ

೨೦೨೫ ಮೇ ೬, ಮಂಗಳವಾರ

‘ಕತ್ತಲೆ ಮೊದಲು ಮೂಲೆಗಳಿಗೆ ಬರುತ್ತದೆ, ಆಮೇಲೆ...’ ಆಮೇಲೆ ಎಲ್ಲಿಗೆ? ನಡುಮನೆಗೋ ಹೊಸ್ತಿಲಿಗೋ, ನೆನಪಾಗುತ್ತಿಲ್ಲ. ಯಾರ ಸಾಲೆಂಬುದೂ ನೆನಪಿಲ್ಲ. ಎಂ.ಎ. ಓದುವಾಗ ಹಾಸ್ಟೆಲಿನ ಯಾರೋ ಹುಡುಗಿ ನೋಟ್‌ಬುಕ್ಕಿನ ಹಿಂಬದಿ ಗೀಚಿಕೊಂಡಿದ್ದಿರಬೇಕು. ಆಗ ಬಹಳ ಹಿಡಿಸಿತ್ತು. ಈಗ ನಂಬಿಕೆ ಬರುವುದಿಲ್ಲ. ಬರೆದವರು ಕತ್ತಲೆಯನ್ನು ಮನೆಯೊಳಗೆ ಮಾತ್ರ ನೋಡಿದ್ದಾರೆ. ನನ್ನ ಬಲಗಣ್ಣಿಗೆ ಅದು ನೇರವಾಗಿ ನಡುವಿಗೇ ಬಂದು ಕೂತಿದೆ. ಮೂಲೆಗಳೆಲ್ಲ ಸ್ವಚ್ಛ. ಕ್ಯಾಲೆಂಡರಿನ ಅಂಚು ಕಾಣುತ್ತದೆ, ತಾರೀಖು ಕಾಣುವುದಿಲ್ಲ. ಬಚ್ಚಲುಮನೆಯ ಟೈಲ್ಸಿನ ಗೆರೆಗಳು ಒಂದು ಕಡೆ ಸೊಟ್ಟಗಾಗುತ್ತವೆ. ಕೈಯಿಂದ ಮುಟ್ಟಿದರೆ ನೆಟ್ಟಗೇ ಇವೆ.

ಎಡಗಣ್ಣು ಚಿಕ್ಕಂದಿನಿಂದ ಮಂದ. ನಲವತ್ತೆಂಟು ವರ್ಷ ಓದಿದ್ದೆಲ್ಲ ಈ ಬಲಗಣ್ಣಿನಿಂದಲೇ.

ಹೋದ ವಾರ ಒಬ್ಬಳೇ ಡಾಕ್ಟರ ಬಳಿ ಹೋಗಿ ಬಂದೆ. ಕಣ್ಣಿನ ಹಿಂಪದರದಲ್ಲಿ ರಕ್ತ ಜಿನುಗಿದೆಯಂತೆ. ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕಂತೆ. ಮನೆಯವರನ್ನು ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದರು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೂ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದೆ, ಯಾರೋ ಬೆನ್ನಟ್ಟಿ ಬಂದು ಚುಚ್ಚುತ್ತಾರೆ ಎನ್ನುವ ಹಾಗೆ.

ಇವರು ಸಂಜೆ ಕೇಳಿದರು. “ಏನಂದ್ರು ಡಾಕ್ಟರು?”

“ನಂಬರ್ ಬದಲಾಗ್ಯದಂತ.”

“ನಿನ್ನ ನಂಬರ್ ಬದಲಾಗಲಾರದ ವರ್ಷ ಯಾವುದದ?” ಎಂದು ನಕ್ಕು ಸ್ನಾನಕ್ಕೆ ಹೋದರು.

ಚೀಟಿಯನ್ನು ಒಂದು ಕವನ ಸಂಕಲನದೊಳಗೆ ಮಡಿಸಿಟ್ಟಿದ್ದೇನೆ. ನನ್ನ ಗಂಡ ವೇದವ್ಯಾಸರು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ಕಡತ ಓದುತ್ತಿದ್ದಾರೆ. ಮನೆಯಲ್ಲಿ ಕವಿತೆ ಮುಟ್ಟುವುದಿಲ್ಲ. ಅಲ್ಲಿ ಭದ್ರ.

ಮೇ ೧೪, ಬುಧವಾರ

ಕಮಲಾಪುರದಿಂದ ತ್ರಿವೇಣಿ ಫೋನ್ ಮಾಡಿದ್ದಳು. ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಈಗ ಅಲ್ಲಿ ಒಂದನೇ ತರಗತಿಯ ಟೀಚರು. ಹೋದ ಅಕ್ಟೋಬರಿನಲ್ಲಿ ನಾನು ಕೆಲಸ ಬಿಟ್ಟಿದ್ದು ಬೇಸರಕ್ಕೆ ಎಂದು ಎಲ್ಲರಂತೆ ಅವಳೂ ನಂಬಿದ್ದಾಳೆ. ಹಾಜರಿ ಕರೆಯುವಾಗ ‘ಎಸ್ ಮೇಡಂ’ ಎಂದವರ ಮುಖವೇ ಕಾಣದಾಯಿತು ಎಂದು ಯಾರಿಗೆ ಹೇಳಲಿ?

“ಮೇಡಂ, ನೀವು ಬಟ್ಟಿ ಬ್ಯಾಡ್ಜ್ ಮಾಡ್ತೀರಂತಲ್ಲ. ನಮಗ ಅರವತ್ನಾಲ್ಕು ಬೇಕಾಗ್ಯಾವ. ಹುಡುಗರಿಗಿ ಓದ್ಲಾಕ ಬರಲ್ಲ. ಆನಿ ಗುಂಪು, ನವಿಲು ಗುಂಪು ಅಂತ ಹಚ್ಚಿದ್ರ ತಮ್ಮ ಜಾಗ ತಾವೇ ಹಿಡೀತಾವ.”

ಒಪ್ಪಿಕೊಂಡೆ. ಆನೆ, ನವಿಲು, ಅಳಿಲು, ಮೀನು, ತಲಾ ಹದಿನಾರು. ಇಷ್ಟು ಸಣ್ಣ ಕೆಲಸ ಮಾಡುವ ಕಣ್ಣಿಗೆ ಏನಾಗಿದೆ ಎಂದು ಯಾರಾದರೂ ಕೇಳಿಯಾರೇ?

ಮೇ ೧೯, ಸೋಮವಾರ

ಬಟ್ಟೆ ಚೂರುಗಳನ್ನು ಪಕ್ಕದ ಮನೆಯ ಕುಲ್ಸುಮ್ ಕೊಟ್ಟಿದ್ದಾಳೆ. ಅವಳದು ಹೊಲಿಗೆ. ಕೋಟನೂರಿನ ಈ ಲೇಔಟಿನಲ್ಲಿ ಅರ್ಧ ಜನರ ಕುಪ್ಪಸ ಅವಳದೇ. ಹಳೆ ಖಣದ ತುಂಡು, ಜರಿಯ ಅಂಚು, ಯಾರದೋ ಮದುವೆಯ ಹಸಿರು ಸಾಟಿನ್. ತ್ರಿವೇಣಿ ಕಮಲಾಪುರದ ಕೆಂಪು ಬಾಳೆಯ ಒಣ ನಾರು ಕಳಿಸಿದ್ದಾಳೆ. ಅಳಿಲಿನ ಬಾಲಕ್ಕೆ ಅದನ್ನು ಬಿಡಿಸಿ ಹೊಲಿದರೆ ನಿಜವಾದ ಬಾಲದ ಹಾಗೆ ಕೆದರಿ ನಿಲ್ಲುತ್ತದೆ. ಮೀನಿಗೆ ಸಣ್ಣ ಕನ್ನಡಿ ಚೂರು. ಆನೆಗೆ ನೆಹರು ಗಂಜಿನ ಪೇಟೆಯಿಂದ ತಂದ ತೊಗರಿ ಕಾಳಿನ ಕಣ್ಣು, ಅಂಟಿನಿಂದ.

ಹೊಲಿದ ಬಟ್ಟೆಯನ್ನು ಗುಂಡಗೆ ಕತ್ತರಿಸಿ, ತಗಡಿನ ಬಿಲ್ಲೆಯ ಮೇಲೆ ಹತ್ತಿ ಹರಡಿ, ಅದರ ಮೇಲೆ ಬಟ್ಟೆ ಹೊದಿಸಿ, ಪ್ರೆಸ್ಸಿಗಿಟ್ಟು ಹಿಡಿಕೆ ಒತ್ತಿದರೆ ಪಿನ್ನಿರುವ ಹಿಂಬದಿ ‘ಟಕ್’ ಎಂದು ಕೂತುಬಿಡುತ್ತದೆ. ಒಮ್ಮೆ ಕೂತರೆ ಹರಿಯದೆ ತೆಗೆಯಲಾಗದು.

ದಾರ ಪೋಣಿಸುವುದು ನಾಲಿಗೆಯ ತುದಿಯಿಂದ. ಸೂಜಿಯ ಕಣ್ಣನ್ನು ನಾಲಿಗೆ ಹುಡುಕಿಕೊಡುತ್ತದೆ. ಯಾರೂ ನೋಡಿಲ್ಲ.

ಮೇ ೨೪, ಶನಿವಾರ

ಎಲ್ಲ ಹೊಲಿಗೆ ಮುಗಿಯಿತು. ಕಣ್ಣಿನ ನಡುವಿನ ಮಸಿ ಹೋದ ವಾರ ಕಾಳಿನಷ್ಟಿತ್ತು, ಈಗ ನಾಣ್ಯದಷ್ಟಾಗಿದೆ. ಅಳೆಯಬಾರದು ಅಂದುಕೊಳ್ಳುತ್ತೇನೆ, ಮತ್ತೆ ಮತ್ತೆ ಗೋಡೆ ನೋಡಿ ಅಳೆಯುತ್ತೇನೆ.

ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತಿದ್ದೆ. ಮುಂದಿನ ಕೋಣೆಯಿಂದ ಕುಲ್ಸುಮ್ ಕೂಗಿದಳು. “ಬಾಯಿ, ನಾ ಹೊಂಟೆ ನೋಡ್ರಿ. ಮಗಳಿಗಿ ಬ್ಯಾನಿ ಸುರು ಆಗ್ಯಾವಂತ. ಬಕ್ರೀದ್ ಮುಗಿಸೇ ಬರ್ತೀನಿ.” ನಾನು ಎದ್ದು ಬರುವುದರೊಳಗೆ ಆಟೋ ಹೊರಟಿತ್ತು. ಹುಮನಾಬಾದಿಗೆ. ಚೊಚ್ಚಲ ಹೆರಿಗೆ. ಒಳ್ಳೆಯದಾಗಲಿ.

ಮೇ ೨೬, ಸೋಮವಾರ

ನಿನ್ನೆ ಎಲ್ಲವನ್ನೂ ಒತ್ತಿ ಮುಗಿಸಿದೆ. ಇಂದು ಇವರು ಕಮಲಾಪುರಕ್ಕೆ ಹೋಗುವ ಸಹೋದ್ಯೋಗಿಯ ಕೈಯಲ್ಲಿ ಡಬ್ಬಿ ಕಳಿಸಿದರು.

ಮೇ ೨೮, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಕುಲ್ಸುಮ್ ಹಿಂದೆ ಹೈದರಾಬಾದಿನಲ್ಲಿ ಬಟ್ಟೆ ಕಂಪನಿಯಲ್ಲಿದ್ದಳು. ಅಲ್ಲಿ ಸೂಜಿ ಮುರಿದರೆ ಎಲ್ಲ ತುಂಡುಗಳನ್ನೂ ಹುಡುಕಿ ಕಾಗದಕ್ಕೆ ಅಂಟಿಸಿ ತೋರಿಸಬೇಕಿತ್ತಂತೆ. ಒಂದು ತುಂಡು ಸಿಗದಿದ್ದರೆ ಇಡೀ ಗಂಟು ಬಟ್ಟೆ ಬಿಚ್ಚಿಸುತ್ತಿದ್ದರಂತೆ. ಅವಳು ಹೇಳಿಕೊಟ್ಟಂತೆ ನಾನೂ ಕೆಲಸ ಮುಗಿದ ಮೇಲೆ ಸೂಜಿ ಎಣಿಸುತ್ತೇನೆ. ಕಿಟಕಿಯ ಬಳಿಯ ಸೂಜಿ ದಿಂಬಿನಲ್ಲಿ ಏಳು ಇರಬೇಕು. ಬೆರಳಿನಿಂದ ತಲೆ ಮುಟ್ಟಿ ಎಣಿಸುತ್ತೇನೆ. ಭಾನುವಾರವೂ ಏಳಿತ್ತು.

ಇಂದು ಗುಂಡಿ ಹಚ್ಚಲೆಂದು ಒಂದನ್ನು ಎಳೆದೆ. ಬಟ್ಟೆಗೆ ಇಳಿಯಲಿಲ್ಲ. ಬೆರಳಿಟ್ಟು ನೋಡಿದೆ. ಅರ್ಧವೇ ಇದೆ. ದಾರದ ಕಣ್ಣಿರುವ ಅರ್ಧ. ಚೂಪಾದ ಅರ್ಧ ಇಲ್ಲ.

ತಲೆ ಎಣಿಸಿದ್ದೇನೆ, ಮೈ ನೋಡಿಲ್ಲ. ಯಾವಾಗ ಮುರಿಯಿತು? ಯಾವ ಮೀನಿನ ಕನ್ನಡಿಯ ಕೆಳಗೆ? ಅರವತ್ತನಾಲ್ಕರಲ್ಲಿ ಯಾವುದೋ ಒಂದರ ಹತ್ತಿಯೊಳಗೆ ಉಗುರಿನಷ್ಟುದ್ದದ ಉಕ್ಕಿನ ಮುಳ್ಳು ಮಲಗಿದೆ. ಅದು ಆರು ವರ್ಷದ ಮಗುವಿನ ಎದೆಯ ಮೇಲೆ ಕೂರಲಿದೆ.

ನೆಲವನ್ನೆಲ್ಲ ಕೈಯಿಂದ ಸವರಿದೆ. ಇಲ್ಲ.

ಮೇ ೨೯, ಗುರುವಾರ

ಅಯಸ್ಕಾಂತ ತಂದೆ. ಮನೆಯಲ್ಲಿದ್ದ ಹಳೆಯ ಬ್ಯಾಡ್ಜೊಂದರ ಮೇಲೆ ಹಿಡಿದ ಕೂಡಲೇ ಅದು ಹಾರಿ ಅಂಟಿಕೊಂಡಿತು. ಎಲ್ಲವೂ ತಗಡೇ. ಅಯಸ್ಕಾಂತಕ್ಕೆ ತಗಡು ಯಾವುದು, ಸೂಜಿ ಯಾವುದು?

ತ್ರಿವೇಣಿಗೆ ಫೋನ್ ಮಾಡಿದೆ. ‘ನಾಳೆ ಹಂಚಬೇಡ’ ಎಂಬ ಎರಡು ಮಾತು. ಅಷ್ಟೇ ಹೇಳಬೇಕಿತ್ತು.

“ಮೇಡಂ, ಡಬ್ಬಿ ತೆಗದು ನೋಡ್ದೆ. ಏನ್ ಚಂದ ಆಗ್ಯಾವ್ರಿ! ಹೆಡ್ ಮಾಸ್ತರು ಒಂದು ನವಿಲು ತಮಗಽ ಇಟ್ಕೋತೀನಿ ಅಂದಾರ, ನಾ ಬಿಟ್ಟಿಲ್ಲ.”

“ಹೌದಾ?”

“ನಿಮ್ಮ ಕಣ್ಣು ಭಾಳ ಚುರುಕು ಮೇಡಂ. ನಮ್ಮ ಪೇಪರಿನ್ಯಾಗೂ ಒಂದು ತಪ್ಪು ಬಿಡ್ತಿದ್ದಿಲ್ಲ.”

“ಮಳೆ ಹ್ಯಾಂಗದ ಅಲ್ಲಿ?” ಎಂದೆ. ಮಳೆಯ ಬಗ್ಗೆ ನಾಲ್ಕು ನಿಮಿಷ ಮಾತಾಡಿ ಇಟ್ಟೆ.

ಎಷ್ಟು ಹೇಡಿ ನಾನು. ಸೂಜಿಯ ಮಾತೆತ್ತಿದರೆ ಮುಂದಿನ ಪ್ರಶ್ನೆ ಒಂದೇ: ಕಾಣಲಿಲ್ಲವೇ? ಕುಲ್ಸುಮ್‌ಗೂ ಹೇಳಲಾರೆ. ಬಾಣಂತಿಯ ಮುಂದೆ ಕೂತವಳಿಗೆ ಈ ಮಾತೇ? ಅದೂ ನೆಪವೇ. ಅವಳೂ ಅದನ್ನೇ ಕೇಳುತ್ತಾಳೆ.

ಮೇ ೩೦, ಶುಕ್ರವಾರ

ಹಂಚಿದ್ದಾರೆ. ತ್ರಿವೇಣಿ ಫೋಟೋ ಕಳಿಸಿದ್ದಾಳೆ. ಬಣ್ಣಬಣ್ಣದ ಮಸುಕು, ನಡುವೆ ನನ್ನ ಮಸಿ. ಧ್ವನಿಯನ್ನೂ ಕಳಿಸಿದ್ದಾಳೆ. ಮಕ್ಕಳೆಲ್ಲ “ಥ್ಯಾಂಕ್ಯೂ ಮೇಡಂ” ಎಂದು ಕಿರುಚುವುದರ ಹಿಂದೆ ಒಂದು ಅಳು. “ಚುಚ್ಚತದ್ರೀ ಟೀಚರ್, ಚುಚ್ಚತದ.”

ಹನ್ನೊಂದು ಸಲ ಕೇಳಿದೆ.

ಊಟ ಸೇರಲಿಲ್ಲ. “ಏನಾಗ್ಯದ?” ಎಂದರು ಇವರು. “ಶೆಕೆ” ಎಂದೆ. ಹೊರಗೆ ತಣ್ಣಗೆ ಮಳೆ ಬರುತ್ತಿತ್ತು.

ಮೇ ೩೧, ಶನಿವಾರ

ಬೆಳಿಗ್ಗೆ ಆರಕ್ಕೇ ಬಸ್ ಸ್ಟ್ಯಾಂಡಿಗೆ ಹೋದೆ. ಬೋರ್ಡು ಓದಲಾಗಲಿಲ್ಲ. ನಾಲ್ಕು ಬಸ್ಸಿನ ಬಾಗಿಲಲ್ಲಿ “ಕಮಲಾಪುರ?” ಎಂದು ಕೇಳಿದೆ. ಐದನೆಯ ಬಸ್ಸಿನ ಕಂಡಕ್ಟರ್, “ಬೋರ್ಡ್ ಇಷ್ಟು ದೊಡ್ಡದು ಬರದೀವಲ್ರೀ ಅಮ್ಮ, ಇನ್ನೇನು ಡಂಗುರ ಹೊಡೀಬೇಕೇನ್ರಿ?” ಎಂದ. “ಹೊಡೀರಿ” ಎಂದೆ. ನಕ್ಕು ಕೈ ಕೊಟ್ಟು ಹತ್ತಿಸಿಕೊಂಡ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದಿತ್ತು. ತ್ರಿವೇಣಿಯನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. ಅವಳ ಧ್ವನಿ ಕೂಡಲೇ ಬೇರೆಯಾಯಿತು.

“ಗುರುವಾರ ಫೋನ್ ಮಾಡಿದ್ರಲ್ಲ ಮೇಡಂ. ಆವಾಗ ಗೊತ್ತಿತ್ತಾ?”

“ಇತ್ತು.”

“ಮಳಿ ಬಗ್ಗೆ ಕೇಳಿದ್ರಿ ನೀವು.”

ತಂದಿದ್ದ ಅರ್ಧ ಸೂಜಿಯನ್ನು ಅವಳ ಅಂಗೈಗಿಟ್ಟೆ.

“ನಮಗ ಒಂದು ಒತ್ತಕ್ಷರ ತಪ್ಪಿದ್ರ ಇಡೀ ಹಾಳಿ ತಿರುಗಿ ಬರಸ್ತಿದ್ರಿ. ಮುರದ ಸೂಜಿ ಹ್ಯಾಂಗ ಕಾಣಲಿಲ್ಲ ನಿಮಗ?”

“ಕಾಣೂದಿಲ್ಲ, ತ್ರಿವೇಣಿ. ಈ ಕಣ್ಣಿನ ನಡಕ್ಕ ಕಾಣೂದಿಲ್ಲ. ನೀ ಈಗ ಸಿಟ್ಟಾಗಿ ಅದಿಯೋ, ಅಳಲಾಕತ್ತೀಯೋ, ಅದೂ ಗೊತ್ತಾಗವಲ್ಲದು.”

ಅವಳು ನನ್ನ ಮೊಣಕೈ ಹಿಡಿದು ತರಗತಿಯೊಳಗೆ ಕರೆದೊಯ್ದಳು. “ಎಲ್ಲಾರೂ ಬ್ಯಾಡ್ಜ್ ತೆಗದು ಟೇಬಲ್ ಮ್ಯಾಲ ಇಡ್ರಿ. ಲಗೂನ.”

ಒತ್ತಿ ನೋಡಿದರೆ ಸಾಲದು. ಹತ್ತಿಯೊಳಗೆ ಅಡ್ಡ ಮಲಗಿದ ತುದಿ ಬೆರಳಿಗೆ ಸಿಗದು. ಬ್ಲೇಡಿನಿಂದ ಒಂದೊಂದನ್ನೇ ಕೊಯ್ದೆವು. ಅವಳು ಕೊಯ್ದಳು, ನಾನು ಹತ್ತಿಯನ್ನು ಬೆರಳ ತುದಿಯಲ್ಲಿ ಹಿಂಜಿದೆ. ಮಕ್ಕಳು ಟೇಬಲಿಗೆ ಗಲ್ಲ ಊರಿ ನಿಂತಿದ್ದವು.

“ನಮ್ಮ ಆನಿ ಹೊಟ್ಟಿ ಯಾಕ ಕೊಯ್ತೀರಿ?”

“ಹೊಟ್ಟ್ಯಾಗ ಮುಳ್ಳು ಹೋಗ್ಯದೇನು ನೋಡ್ಲಾಕ.”

“ನೀವು ಡಾಕ್ಟರೇನ್ರಿ?”

“ಇವನ ಆನಿಗಿ ಕಣ್ಣೇ ಇಲ್ರಿ,” ಎಂದಿತು ಇನ್ನೊಂದು. “ಅದನ್ನ ಇಂವ ತಿಂದಾನ.”

ಚುಚ್ಚುತ್ತದೆ ಎಂದು ಅತ್ತ ಹುಡುಗನನ್ನೂ ಕೇಳಿದೆ. ಹೊಸ ಅಂಗಿಯ ಕಾಲರಿನ ಲೇಬಲ್ಲಂತೆ. ತ್ರಿವೇಣಿ ನಿನ್ನೆಯೇ ಕತ್ತರಿಸಿ ತೆಗೆದಿದ್ದಾಳೆ. ಒಂದು ಕ್ಷಣ ಎದೆ ಹಗುರಾಯಿತು, ಒಂದೇ ಕ್ಷಣ.

ಅರವತ್ತಮೂರು ಆಯಿತು. ಯಾವುದರಲ್ಲೂ ಇಲ್ಲ. ಹಾಗಾದರೆ ಅರವತ್ತನಾಲ್ಕನೆಯದರಲ್ಲಿದೆ.

“ಸೃಷ್ಟಿ ಬಂದಿಲ್ರಿ. ಆಕಿ ಅಜ್ಜಿ ಬಂಡೆಮ್ಮ ಬೆಳಿಗ್ಗೆ ಹೇಳಿ ಕಳಿಸ್ಯಾಳ. ಹುಡಿಗಿಗಿ ಜ್ವರ ಬಂದಾವಂತ,” ಎಂದಳು ತ್ರಿವೇಣಿ.

ದಾರಿಯಲ್ಲಿ ಎರಡು ಸಲ ಎಡವಿದೆ. ಮುರಿದ ಸೂಜಿ, ಗಾಯ, ಜ್ವರ. ತಲೆ ಇದಿಷ್ಟನ್ನೇ ತಿರುಗಿಸಿ ಹೇಳುತ್ತಿತ್ತು. ಬಾಳೆ ತೋಟದ ಪಕ್ಕದ ಎರಡು ಕೋಣೆಯ ಮನೆ. ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ಅವಳ ಅಂಗಿಯ ಮೇಲೆ ಬ್ಯಾಡ್ಜ್ ಇರಲಿಲ್ಲ.

“ಮೀನು ಎಲ್ಲದವ್ವ?” ಎಂದಳು ತ್ರಿವೇಣಿ.

“ತಮ್ಮಗ ಕೊಟ್ಟೀನಿ.”

ತೊಟ್ಟಿಲಲ್ಲಿ ಮೂರು ತಿಂಗಳ ಕೂಸು. ಅದರ ಕುಲಾವಿಗೆ ಮೀನನ್ನು ಚುಚ್ಚಿದ್ದಳು. ಕನ್ನಡಿ ಹೊಳೆಯುವುದನ್ನು ಹಿಡಿಯಲು ಕೂಸು ಕೈ ಎತ್ತುತ್ತಿತ್ತು.

ಆಗ ನನಗೆ ಆದದ್ದನ್ನು ಬರೆಯಲಾರೆ. ಕುಲಾವಿ ಬಿಚ್ಚಿ, ಕೂಸಿನ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಹುಡುಗಿಯ ಎದೆ, ಕುತ್ತಿಗೆ, ಕೈ ನೋಡಿದೆ. ಎಲ್ಲಿಯೂ ಗೀರಿಲ್ಲ. ಬಾಗಿಲಲ್ಲಿ ಬೆಳಕಿಗೆ ಕೂತು ಮೀನನ್ನು ಕೊಯ್ದೆವು. ಹತ್ತಿ ಬಿಡಿಸಿದೆ.

ಅದರಲ್ಲೂ ಇಲ್ಲ.

ತ್ರಿವೇಣಿ ಹೇಳಿದ್ದನ್ನೆಲ್ಲ ಕೇಳಿ ಬಂಡೆಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. “ನೆತ್ತಿ ಹಿಂಗ ಹುಟ್ಟಿದ ದಿವಸ ದಾದಿ ನೋಡಿದ್ಳು, ಇವತ್ತ ನೀವು. ಹುಡುಕ್ಲಾಕ ಇಷ್ಟು ಜ್ವಾಕಿ ಅದ ನಿಮ್ಮ ಹತ್ರ, ಹೊಲಿಯೂ ಮುಂದ ಎಲ್ಲಿ ಹೋಗಿತ್ತು?”

“ತಪ್ಪಾಯ್ತಮ್ಮ. ಜ್ವರ ಯಾವಾಗಿಂದ?”

“ಅದಾ? ನಿನ್ನಿ ಮಳ್ಯಾಗ ಕುಣದಾಳ. ಬರ್ತಾವ, ಹೋಗ್ತಾವ. ಕೂಡ್ರಿ, ಚಾ ಕುಡೀರಿ. ಮಾರಿ ನೋಡಿದ್ರ ಜ್ವರ ನಿಮಗಽ ಬಂದಂಗ ಕಾಣ್ತದ.”

ಜೂನ್ ೧, ಭಾನುವಾರ

ಅರವತ್ತನಾಲ್ಕರಲ್ಲೂ ಇಲ್ಲ. ಹಾಗಾದರೆ ಎಲ್ಲೋ ಇದೆ. ಇದು ಮೊದಲಿಗಿಂತ ದೊಡ್ಡ ಭಯ. ಡಬ್ಬಿಯಿಂದ ತರಗತಿಯ ನೆಲಕ್ಕೆ ಬಿದ್ದಿದ್ದರೆ? ಯಾವುದೋ ಮಗುವಿನ ಚೀಲದಲ್ಲಿದ್ದರೆ? ತ್ರಿವೇಣಿ ಮೂರು ಸಲ ಗುಡಿಸಿದ್ದಾಳಂತೆ. ಇಲ್ಲಿ ಅಯಸ್ಕಾಂತಕ್ಕೆ ದಾರ ಕಟ್ಟಿ ಮನೆಯೆಲ್ಲ ಎಳೆದಾಡಿದೆ. ಕೂದಲಪಿನ್ನು, ಒಂದು ಮೊಳೆ. ತುದಿ ಇಲ್ಲ.

ಇವರಿಗೆ ಮನೆಯೊಳಗೆ ಚಪ್ಪಲಿ ಹಾಕಿಕೊಳ್ಳಿ ಎಂದೆ.

“ದೇವರ ಮನ್ಯಾಗೂ ಹಾಕ್ಕೊಳ್ಲೇನು?”

ನಗಲಾಗಲಿಲ್ಲ. ಹೇಳತೊಡಗಿದೆ. ಸೂಜಿಯಿಂದ ಸುರು ಮಾಡಿದ್ದು ಕಣ್ಣಿಗೆ ಬಂದು ನಿಂತಿತು. ಸಂಕಲನ ತಂದು ಕೊಟ್ಟೆ. ಚೀಟಿಯನ್ನು ಅವರು ಎರಡು ಸಲ ಓದಿದರು.

“ಏಪ್ರಿಲ್ ಇಪ್ಪತ್ತೊಂಬತ್ತು,” ಎಂದರು. ಬೆರಳು ಮಡಿಸಿ ಎಣಿಸಿ, “ಮೂವತ್ಮೂರು ದಿವಸ. ನನ್ನ ಟೇಬಲ್ ಮ್ಯಾಲ ಯಾವ ಫೈಲನೂ ಇಷ್ಟು ದಿವಸ ಕೂತಿಲ್ಲ, ಮಾಧವಿ.”

ಚೀಟಿ ಇದ್ದ ಪುಟ ತೆರೆದೇ ಇತ್ತು. ಏನನ್ನಿಸಿತೋ, ಅದನ್ನೇ ಗಟ್ಟಿಯಾಗಿ ಓದತೊಡಗಿದರು. ಸರ್ಕಾರಿ ಆದೇಶ ಓದುವ ಧ್ವನಿ. “ಸಾಲಿನ ಕೊನಿಗಿ ನಿಲ್ಲಬೇಕ್ರಿ,” ಎಂದೆ. “ಪೂರ್ಣವಿರಾಮ ಇಲ್ಲಲ್ಲ, ಹ್ಯಾಂಗ ನಿಲ್ಲಲಿ?” ಎಂದರು. ಎರಡು ಕವಿತೆ ಓದಿಸಿಕೊಂಡೆ.

ಜೂನ್ ೫, ಗುರುವಾರ

ಆಯಿತು. ಇಂಜೆಕ್ಷನ್ ಕೊಟ್ಟರು, ಕಣ್ಣಿಗೆ ಪಟ್ಟಿ ಇದೆ. ಇನ್ನೂ ಎರಡು ಸಲ ಹೋಗಬೇಕು. ತುದಿ ಇನ್ನೂ ಸಿಕ್ಕಿಲ್ಲ.

ಜೂನ್ ೮, ಭಾನುವಾರ

ಅಕ್ಷರಗಳು ದಪ್ಪ ದಪ್ಪ ಬೀಳುತ್ತಿವೆ. ಇವರು ಗೆರೆ ಎಳೆದುಕೊಟ್ಟಿದ್ದಾರೆ.

ಮೊನ್ನೆ ಗುರುವಾರ ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗಲೂ ನನ್ನ ತಲೆಯಲ್ಲಿದ್ದುದು ಆ ತರಗತಿಯ ನೆಲ. ಒಳಗೆ ಮಲಗಿಸಿ ‘ಮೇಲೆ ನೋಡಿ’ ಎಂದರು. ನೋಡಿದೆ. ಬರಿಗಾಲಿನ ಮಕ್ಕಳು ಓಡಾಡುತ್ತಿದ್ದವು. ‘ಮುಗೀತು’ ಎಂದರು. ಮಸಿ ಹೋಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಬೆಳೆಯುವುದು ನಿಲ್ಲಬಹುದು, ಅಷ್ಟೇ.

ಸಂಜೆ ತ್ರಿವೇಣಿಯ ಫೋನ್. ಸೃಷ್ಟಿಯ ಜ್ವರ ಇಳಿದಿದೆ, ಶಾಲೆಗೆ ಬರುತ್ತಿದ್ದಾಳೆ. ಹೊಸ ಬ್ಯಾಡ್ಜ್ ಯಾವಾಗ ಎಂದು ಮಕ್ಕಳ ಕಾಟವಂತೆ. “ಹೊಲಿಯೂದು ಬ್ಯಾಡ ಮೇಡಂ, ಎಲ್ಲಾ ಅಂಟಿಸಿಬಿಡೋಣ. ಬರೂ ಶನಿವಾರ ಮಧ್ಯಾಹ್ನ ನಾನೇ ಬರ್ತೀನಿ. ಕತ್ತರಿ ಕೆಲಸ ನಂದು, ನೀವು ಬಣ್ಣ ಆರಿಸಿ ಹೇಳ್ರಿ.” ಆಗಲಿ ಎಂದೆ. ಆನೆಯ ಕಣ್ಣಿಗೆ ಈ ಸಲ ಕಾಳು ಬೇಡ, ಕಪ್ಪು ದಾರದ ಗಂಟು ಅಂಟಿಸುವುದು.

“ನೆಲ ಇವತ್ತೂ ಗುಡಿಸಿದಿಯೇನು?” ಎಂದೆ.

“ದಿನಾ ಗುಡಸ್ತೀನ್ರಿ,” ಎಂದಳು.

ಜೂನ್ ೧೦, ಮಂಗಳವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಇವರು ಕಚೇರಿಗೆ ಹೋಗಿದ್ದರು. ಗೋಡೆ ಹಿಡಿದು ಹೋಗಿ ತೆಗೆದೆ. ಕುಲ್ಸುಮ್. ಅತ್ತರು, ಕೂಸಿನ ಎಣ್ಣೆಯ ವಾಸನೆ.

“ಹೆಣ್ಣು ಹುಟ್ಟ್ಯಾದ ಬಾಯಿ, ಗುಲಾಬ್ ಇದ್ದಂಗದ,” ಎಂದವಳು ಅಲ್ಲೇ ನಿಂತುಬಿಟ್ಟಳು. “ಹಾಯ್ ಅಲ್ಲಾ, ಕಣ್ಣಿಗಿ ಏನಾಯ್ತ್ರಿ? ಇಷ್ಟು ಕೆಂಪು?”

ಹೇಳಿದೆ. ಈಗ ಹೇಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅರ್ಧ ಸೂಜಿ, ಅರವತ್ತನಾಲ್ಕು ಬ್ಯಾಡ್ಜು, ಕೂಸಿನ ಕುಲಾವಿ, ಚೀಟಿ, ಇಂಜೆಕ್ಷನ್. ಆಮೇಲೆ ಪರ್ಸಿನ ಜಿಪ್ಪು ಎಳೆದ ಸದ್ದು. ನನ್ನ ಅಂಗೈ ತೆರೆದು ಒಂದು ಮಡಿಸಿದ ಕಾಗದ ಇಟ್ಟಳು. ಅದರೊಳಗೆ ಟೇಪು, ಟೇಪಿನ ಕೆಳಗೆ ಉಗುರಿನಷ್ಟುದ್ದ ಏನೋ. ಬೆರಳಿಗೆ ತಿಳಿಯಿತು.

“ಹೊಂಡೂ ಹೊತ್ತಿನ್ಯಾಗ ಬ್ಯಾಗಿನ ಪಟ್ಟಿ ಹರೀತು. ನನ್ನ ಸೂಜಿ ಎಲ್ಲಾ ಕಟ್ಟಿ ಇಟ್ಟುಬಿಟ್ಟಿದ್ದೆ. ನಿಮ್ಮದು ಕೇಳಬೇಕಂತ ಬಂದ್ರ ನೀವು ದೀಪ ಹಚ್ಚಿ ಕೂತಿದ್ರಿ. ದೀಪ ಹಚ್ಚಿದ ಮ್ಯಾಲ ಸೂಜಿ ಕೇಳಬಾರದು, ಕೈಯಿಂದ ಕೈಗಿ ಕೊಡಬಾರದು ಅಂತ ನಿಮ್ಮ ಅತ್ತಿ ಇಂದೂಬಾಯಿ ಇದ್ದಾಗ ನನಗ ಎಷ್ಟು ಸರ್ತಿ ಬೈದಾರ! ಅದಕ್ಕಽ ಕೇಳಲಾರದ ತಗೊಂಡೆ. ದಪ್ಪ ರೆಕ್ಸಿನ್ನು, ಫಟ್ ಅಂತ ಮುರೀತು. ಆಟೋದಾಂವ ಹಾರ್ನ್ ಹೊಡ್ಯಾದು ಬಿಡವಲ್ಲ. ತುದಿ ಯಾರ ಕಾಲಿಗರೆ ಚುಚ್ಚೀತು ಅಂತ ಕಂಪನಿ ರಿವಾಜಿನ ಪ್ರಕಾರ ಟೇಪಿಗಿ ಹಚ್ಚಿ ಪರ್ಸಿನ್ಯಾಗ ಇಟ್ಕೊಂಡೆ, ಹಿಂದಿನ ಅರ್ಧ ನಿಮ್ಮ ದಿಂಬಿನ್ಯಾಗೇ ಚುಚ್ಚಿ ಹೋದೆ. ನೋಡಿದ ಕೂಡ್ಲೇ ಕಾಣ್ತದ, ಕುಲ್ಸುಮ್ ಮುರದಾಳ ಅಂತ ನಗ್ತೀರಿ ಅನಕೊಂಡಿದ್ದೆ.”

ಅವಳು ಹತ್ತಿರ ಬಂದು ನನ್ನ ಕೆಂಪು ಕಣ್ಣನ್ನು ಒಮ್ಮೆ, ಇನ್ನೊಂದು ಕಣ್ಣನ್ನು ಒಮ್ಮೆ ನೋಡಿದಳು.

“ಸೂಜಿ ಮುರದದ್ದು ನನ್ನ ಕೈಯಾಗ, ಮಾಧವಿಬಾಯಿ. ನೀವ್ಯಾಕ ಅದನ್ನ ಕಣ್ಣಿನ ಮ್ಯಾಲ ಹಾಕ್ಕೊಂಡ್ರಿ?”